ನೆಲದಡಿಯ ಸ್ಟೇಷನ್ನಿನಲ್ಲಿ ಕೈ ಬಿಟ್ಟದ್ದು

ನಮ್ಮ ಯಜಮಾನರ ಬಾಯಲ್ಲಿ ಈಗ ಉಳಿದಿರುವುದು ಒಂದೇ ಮಾತು, ‘ಆಯ್ತು’. ಲಕ್ವ ಹೊಡೆದಾಗ ಬಲಗೈ, ಬಲಗಾಲು, ಮಾತು ಮೂರೂ ಒಟ್ಟಿಗೇ ಹೋದವು. ಕಾಲು ಮೊದಲು ವಾಪಸ್ಸು ಬಂತು. ಕೈ ಅರ್ಧ ಬಂತು. ಮಾತಿಗಾಗಿ ಕಾಯುತ್ತ ಕೂತಿದ್ದೆವು. ಒಂದು ಬೆಳಿಗ್ಗೆ ನಾನು ಕಾಫಿ ಲೋಟ ಮುಂದಿಟ್ಟಾಗ ಅವರು ‘ಆಯ್ತು’ ಅಂದರು. ನಾನು ಓಡಿಹೋಗಿ ಬೀದಿಗೆಲ್ಲ ಹೇಳಿ ಬಂದೆ. ಅದಾದ ಮೇಲೆ ಇನ್ನೊಂದು ಮಾತು ಬರಲಿಲ್ಲ. ಊಟ ಬೇಕಾ ಅಂದರೂ ಆಯ್ತು, ಸಾಕಾ ಅಂದರೂ ಆಯ್ತು. ಸಿಟ್ಟು ಬಂದರೆ ಅದನ್ನೇ ಗಟ್ಟಿಯಾಗಿ ಕೂಗುತ್ತಾರೆ, ನೋವಾದರೆ ಅದನ್ನೇ ಮೆಲ್ಲಗೆ ಅನ್ನುತ್ತಾರೆ. ದನಿಯ ಏರಿಳಿತ ನೋಡಿ ಅರ್ಥ ಮಾಡಿಕೊಳ್ಳುವುದನ್ನು ನಾನು ಕಲಿತೆ. ಬೇರೆಯವರು ಹೇಗೆ ಕಲಿಯಬೇಕು? ಹೊಸಬರಿಗೆ ಅವರು ಎಲ್ಲದಕ್ಕೂ ಒಪ್ಪಿಕೊಳ್ಳುವ ಸಾಧು ಮನುಷ್ಯನಂತೆ ಕಾಣುತ್ತಾರೆ.

ಅವರು ಸಾಧುವಾಗಿದ್ದವರಲ್ಲ, ಮಾತಿನ ಮಲ್ಲ. ತುರುವೇಕೆರೆಯಲ್ಲಿ ಅವರದು ಮೋಟರು ವೈಂಡಿಂಗ್ ಅಂಗಡಿ. ತೋಟದ ಪಂಪುಗಳ ಮೋಟರು ಸುಟ್ಟುಹೋದರೆ ಸುತ್ತಲ ಹಳ್ಳಿಯವರು ಅವನ್ನು ಹೊತ್ತು ತರುತ್ತಿದ್ದುದು ಅಲ್ಲಿಗೇ. ತಾಮ್ರದ ತಂತಿ ಸುತ್ತುವ ಕೈ ಒಂದು ಕಡೆ ನಡೆಯುತ್ತಿದ್ದರೆ ಬಾಯಿ ಇನ್ನೊಂದು ಕಡೆ ನಡೆಯುತ್ತಿತ್ತು. ಮೋಟರು ಯಾಕೆ ಸುಟ್ಟಿತು ಅನ್ನುವುದರಿಂದ ಶುರುವಾಗಿ, ವೋಲ್ಟೇಜು, ಕರೆಂಟಿನವರು, ತೆಂಗಿಗೆ ಬಂದ ನುಸಿರೋಗ, ಯಾರ ಮನೆಯ ಮದುವೆ ಯಾಕೆ ನಿಂತಿತು, ಎಲ್ಲ ಬಂದುಹೋಗುತ್ತಿತ್ತು. ಅಂಗಡಿಯ ಹಿಂದಿನ ಕೋಣೆಯಲ್ಲಿ ನನ್ನ ಹೊಲಿಗೆ ಮಿಷನ್ನು. ನಾನು ರವಿಕೆ ಹೊಲಿಯುತ್ತ ಆ ಮಾತನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದೆ. ‘ಒಂಚೂರು ಬಾಯಿ ಮುಚ್ಕೊಂಡು ಕೆಲಸ ಮಾಡಬಾರದೇನ್ರೀ’ ಎಂದು ಎಷ್ಟು ಸಲ ಅಂದಿದ್ದೇನೋ ಲೆಕ್ಕವಿಲ್ಲ.

ತಿಪಟೂರಿನ ಡಾಕ್ಟರು, ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಮಾತು ಕಲಿಸುವವರಿದ್ದಾರೆ, ತಿಂಗಳಿಗೆ ಒಂದೆರಡು ಸಲ ಕರೆದುಕೊಂಡು ಹೋಗಿ, ಮಿಕ್ಕಿದ್ದನ್ನು ಮನೆಯಲ್ಲಿ ಅಭ್ಯಾಸ ಮಾಡಿಸಿ ಎಂದು ಚೀಟಿ ಬರೆದುಕೊಟ್ಟರು. ಮೊದಲ ಸಲ ಮಗಳು ರಜೆ ಹಾಕಿ ಹಾಸನದಿಂದ ಬಂದು ಜೊತೆಯಾಗಿದ್ದಳು. ಎರಡನೇ ಸಲಕ್ಕೆ ಅವಳಿಗೆ ರಜೆ ಸಿಗಲಿಲ್ಲ. ‘ಒಂದಿನ ತಡ್ಕೋ ಅಮ್ಮ, ಬೇರೆ ತಾರೀಕು ಕೇಳ್ತೀನಿ’ ಅಂದಳು. ನಾನು ಬೇಡವೆಂದೆ. ದಾರಿ ನೋಡಿದ್ದೇನೆ, ರೈಲಿಂದ ಇಳಿದು ಮೆಟ್ರೊ ಹತ್ತಿದರೆ ಆಸ್ಪತ್ರೆ ಹತ್ತಿರಕ್ಕೇ ಬಿಡುತ್ತದೆ, ಮಹಾ ಏನಿದೆ ಅನ್ನುವ ಧೈರ್ಯ. ಹೊರಡುವ ಹಿಂದಿನ ದಿನ ಕಂದಿಕೆರೆಯಿಂದ ನಮ್ಮ ಯಜಮಾನರ ಅಕ್ಕ ಫೋನು ಮಾಡಿದರು. ನಾನೂ ಅವರನ್ನು ಅಕ್ಕ ಅಂತಲೇ ಕರೆಯುವುದು.

‘ಒಬ್ಳೇ ಕರ್ಕೊಂಡೋಯ್ತೀಯೇನೇ? ಆ ಊರಲ್ಲಿ ಜನ ನುಗ್ತಾರೆ ಕಣೇ. ಕೈ ಮಾತ್ರ ಬುಡಬ್ಯಾಡ.’

‘ಬುಡಲ್ಲ ಬುಡಿ ಅಕ್ಕ’ ಅಂದೆ.

ಬೆಳಿಗ್ಗೆ ಎದ್ದು ಅವರಿಗೆ ಸ್ನಾನ ಮಾಡಿಸಿ, ಅಂಗಿ ತೊಡಿಸಿ, ಗುಂಡಿ ಹಾಕಿದೆ. ಮಾತು ಕಲಿಸುವ ಮೇಡಮ್ಮಿಗೆ ಕೊಡೋಣವೆಂದು ಜುಟ್ಟು ಬಿಟ್ಟು ಸುಲಿದ ಎಂಟು ತೆಂಗಿನಕಾಯಿಗಳನ್ನು ಚೀಲಕ್ಕೆ ಹಾಕಿಕೊಂಡೆ. ನಮ್ಮ ಕಡೆಯಿಂದ ಬೆಂಗಳೂರಿಗೆ ಬರಿಗೈಯಲ್ಲಿ ಹೋಗುವ ರೂಢಿಯಿಲ್ಲ. ಚೀಲ ನಾನೇ ಹೊಲಿದದ್ದು, ಹಳೆಯ ಗೊಬ್ಬರದ ಚೀಲವನ್ನು ಕತ್ತರಿಸಿ, ಬಟ್ಟೆಪಟ್ಟಿಯ ಹಿಡಿ ಹಾಕಿ. ಮೊದಲ ಬಸ್ಸು ಹಿಡಿದು ತಿಪಟೂರಿಗೆ ಬಂದೆವು, ಅಲ್ಲಿಂದ ರೈಲು. ಅವರು ಕಿಟಕಿ ಪಕ್ಕ ಕೂತು ಹೊರಗೆ ನೋಡುತ್ತಿದ್ದರು. ಗುಬ್ಬಿ ದಾಟಿದ ಮೇಲೆ ಒಂದು ಕಡೆ ತೋಟದಲ್ಲಿ ಪಂಪಿನಿಂದ ದಪ್ಪಗೆ ನೀರು ಬೀಳುತ್ತಿದ್ದುದನ್ನು ಕಂಡು ನನ್ನ ಮೊಣಕೈ ತಿವಿದು ‘ಆಯ್ತು, ಆಯ್ತು’ ಅಂದರು. ಒಳ್ಳೇ ಮೋಟರು ಅನ್ನುವ ಅರ್ಥ. ನನಗೂ ಖುಷಿಯಾಯಿತು. ಆ ದಿನ ಚೆನ್ನಾಗಿಯೇ ಶುರುವಾಗಿತ್ತು.

ರೈಲಿಳಿದು ಮೆಟ್ರೊ ಸ್ಟೇಷನ್ನಿಗೆ ಹೋದೆವು. ನೆಲದ ಕೆಳಗೆ ಎರಡು ಅಂತಸ್ತು ಇಳಿಯಬೇಕು. ಮೇಲೆ ಬಿಸಿಲು, ಹಾರನ್ನು. ಕೆಳಗೆ ಹೋಗುತ್ತಿದ್ದಂತೆ ತಣ್ಣಗಿನ ಗಾಳಿ, ಟ್ಯೂಬ್‌ಲೈಟಿನ ಬೆಳಕು, ಸಾವಿರಾರು ಕಾಲುಗಳ ಸದ್ದು. ಹಗಲೋ ರಾತ್ರಿಯೋ ಗೊತ್ತಾಗುವುದಿಲ್ಲ. ಚೀಲ ತಪಾಸಣೆಯ ಮಿಷನ್ನಿನೊಳಗೆ ನಮ್ಮ ಚೀಲ ಹೋಗಿ ನಿಂತಿತು. ಪರದೆಯ ಮೇಲೆ ಎಂಟು ಕಪ್ಪು ಗುಂಡುಗಳು.

‘ಏನಮ್ಮ ಇದು?’ ಎಂದರು ಅಲ್ಲಿದ್ದ ಹೆಂಗಸು.

‘ಕಾಯಿ ಕಣಮ್ಮ, ತೆಂಗಿನಕಾಯಿ.’

ಬಿಚ್ಚಿ ತೋರಿಸಿದೆ. ಅವರು ಒಂದನ್ನು ಕೈಯಲ್ಲಿ ಹಿಡಿದು ಕಿವಿಯ ಹತ್ತಿರ ಅಲ್ಲಾಡಿಸಿ, ನೀರಿನ ಸದ್ದು ಕೇಳಿ ನಕ್ಕು ವಾಪಸ್ಸಿಟ್ಟರು. ಟೋಕನ್ನು ಎರಡೂ ನಾನೇ ಇಟ್ಟುಕೊಂಡೆ. ಗೇಟಿನಲ್ಲಿ ಮೊದಲು ಅವರದನ್ನು ಮುಟ್ಟಿಸಿ ಅವರನ್ನು ಒಳಗೆ ಬಿಟ್ಟು, ಆಮೇಲೆ ನನ್ನದು. ಮಗಳು ಹಾಗೆಯೇ ಮಾಡಿದ್ದಳು.

ಆಫೀಸಿನ ಹೊತ್ತು. ಪ್ಲಾಟ್‌ಫಾರಮ್ಮಿನ ಮೇಲೆ ಹಳದಿ ಗೆರೆಯ ಹಿಂದೆ ಜನ ಸಾಲುಗಟ್ಟಿ ನಿಂತಿದ್ದರು. ಎಡಗೈಯಲ್ಲಿ ಅವರ ಕೈ, ಬಲಗೈಯಲ್ಲಿ ಚೀಲ ಹಿಡಿದು ನಾನು ಸಾಲಿನಲ್ಲಿ ನಿಂತೆ. ಸುರಂಗದಿಂದ ಮೊದಲು ಗಾಳಿ ಬಂತು, ಆಮೇಲೆ ಬೆಳಕು, ಆಮೇಲೆ ಗಾಡಿ. ಬಾಗಿಲು ತೆರೆಯಿತು. ಇಳಿಯುವವರು ಇಳಿದರು, ಹತ್ತುವವರು ನುಗ್ಗಿದರು. ಅವರು ಮುಂದೆ, ನಾನು ಒಂದು ಹೆಜ್ಜೆ ಹಿಂದೆ. ಅವರ ಎರಡೂ ಕಾಲು ಒಳಗಿದ್ದವು. ಆ ಹೊತ್ತಿಗೆ ಚೀಲದ ಹಿಡಿ ಹೊಲಿಗೆ ಬಿಟ್ಟು ಕಿತ್ತುಬಂತು.

ಕಾಯಿಗಳು ದಡದಡ ಬಿದ್ದು ಜನರ ಕಾಲುಗಳ ನಡುವೆ ಉರುಳಿದವು. ಯಾರಾದರೂ ಎಡವಿ ಬಿದ್ದಾರು ಅನ್ನಿಸಿತೋ, ಕಾಯಿ ಹೋಗುತ್ತವಲ್ಲ ಅನ್ನಿಸಿತೋ, ನನಗೆ ಇವತ್ತಿಗೂ ಸರಿಯಾಗಿ ಹೇಳಲಿಕ್ಕೆ ಆಗುವುದಿಲ್ಲ. ನಾನು ಅವರ ಕೈ ಬಿಟ್ಟು ಬಗ್ಗಿದೆ. ಎರಡು ಕೈಯಲ್ಲಿ ಎರಡು ಕಾಯಿ ಹಿಡಿದು ತಲೆ ಎತ್ತುವಷ್ಟರಲ್ಲಿ ಬಾಗಿಲು ಮುಚ್ಚಿಕೊಂಡಿತು. ಅವರು ಗಾಜಿನಾಚೆ ತಿರುಗಿ ನಿಂತಿದ್ದರು. ಎಡಗೈಯನ್ನು ಗಾಜಿನ ಮೇಲೆ ಇಟ್ಟಿದ್ದರು. ತುಟಿ ಅಲ್ಲಾಡಿತು. ಏನು ಹೇಳಿದರೆಂದು ಕೇಳದಿದ್ದರೂ ನನಗೆ ಗೊತ್ತು. ನಾನು ಕಾಯಿ ಹಿಡಿದ ಕೈಯಲ್ಲೇ ಬಾಗಿಲು ಬಡಿದೆ. ಗಾರ್ಡು ಸೀಟಿ ಊದುತ್ತ ಓಡಿಬಂದು ನನ್ನ ತೋಳು ಹಿಡಿದು ಹಿಂದಕ್ಕೆ ಎಳೆದರು. ಗಾಡಿ ಹೊರಟುಹೋಯಿತು.

‘ನಮ್ಮೆಜಮಾನ್ರು! ಒಳಗವ್ರೆ! ಮಾತು ಬರಲ್ಲ ಅವರಿಗೆ!’ ಎಂದು ಕೂಗಿದೆ.

ಗಾರ್ಡು ಬೇರೆ ರಾಜ್ಯದವರು. ಕಷ್ಟಪಟ್ಟು ಕನ್ನಡ ಜೋಡಿಸಿದರು. ‘ಅಮ್ಮ, ಅಳಬೇಡ. ನೆಕ್ಸ್ಟ್ ಸ್ಟೇಷನ್ ಇಳೀತಾರೆ, ವಾಪಸ್ ಬರ್ತಾರೆ. ನೀವು ಇಲ್ಲೇ ಇರು.’

‘ಅವರಿಗೆ ಇಳೀಬೇಕು ಅಂತ ಗೊತ್ತಾಗಲ್ಲಪ್ಪ.’

‘ಫೋನ್ ಮಾಡಿ.’

ಅವರ ಫೋನು ನನ್ನ ಪರ್ಸಿನಲ್ಲಿತ್ತು. ಒತ್ತಲಿಕ್ಕೆ ಬಾರದವರಿಗೆ ಫೋನು ಯಾಕೆಂದು ನಾನೇ ಇಟ್ಟುಕೊಂಡಿದ್ದೆ. ಗಾರ್ಡು ವಾಕಿಟಾಕಿಯಲ್ಲಿ ಹಿಂದಿಯಲ್ಲಿ ಏನೋ ಹೇಳಿದರು. ಒಬ್ಬರು ಹೆಂಗಸು ಉರುಳಿದ್ದ ಕಾಯಿಗಳನ್ನು ಆರಿಸಿ ತಂದು ನನ್ನ ಕಾಲ ಬುಡದಲ್ಲಿ ಜೋಡಿಸುತ್ತ, ‘ನೀವು ಮುಂದಿನ ಗಾಡೀಲಿ ಹೋಗ್ಬಿಡಿ, ಮುಂದಿನ ಸ್ಟೇಷನ್ನಲ್ಲಿ ಇಳಿದು ನಿಂತಿದ್ರೂ ಇರಬಹುದು’ ಅಂದರು. ಗಾರ್ಡು ‘ಹೋಗಬೇಡಿ, ಅವರು ಇಲ್ಲಿಗೆ ಬಂದ್ರೆ?’ ಅಂದರು. ಇಬ್ಬರು ಹೇಳಿದ್ದೂ ಸರಿಯೇ. ಮುಂದಿನ ಗಾಡಿ ಬಂತು. ಬಾಗಿಲು ತೆರೆಯಿತು. ನಾನು ಗೆರೆಯ ತನಕ ಹೋಗಿ ನಿಂತೆ. ಹತ್ತಿದರೆ, ಅವರು ಎದುರಿನ ಗಾಡಿಯಲ್ಲಿ ಇಲ್ಲಿಗೆ ಬಂದುಬಿಟ್ಟರೆ? ಹತ್ತದಿದ್ದರೆ, ಅವರು ಅಲ್ಲಿ ಒಬ್ಬರೇ ನಿಂತಿದ್ದರೆ? ಬಾಗಿಲು ಮುಚ್ಚಿತು. ಅದರ ಹಿಂದಿನದೂ ಬಂತು, ಅದೂ ಹೋಯಿತು. ಪ್ರತಿ ಸಲ ಬಾಗಿಲು ಮುಚ್ಚುವ ಮುನ್ನ ಮೂರು ಭಾಷೆಯಲ್ಲಿ ಒಬ್ಬಳು ಮೆತ್ತಗೆ ಎಚ್ಚರಿಕೆ ಹೇಳುತ್ತಾಳೆ. ಅದನ್ನು ನಾನು ಮೊದಲು ಕಿವಿಗೇ ಹಾಕಿಕೊಂಡಿರಲಿಲ್ಲ.

ಆ ಕಡೆಯಿಂದ ಬರುವ ಗಾಡಿಗಳು ಎದುರು ಬದಿಯಲ್ಲಿ ನಿಲ್ಲುತ್ತಿದ್ದವು. ನಾನು ಅಲ್ಲಿಗೆ ಓಡಿ ಒಂದೊಂದು ಡಬ್ಬಿಯಲ್ಲೂ ಇಣುಕುವಷ್ಟರಲ್ಲಿ ಗಾಡಿ ಹೊರಟುಬಿಡುತ್ತಿತ್ತು. ಆರು ಡಬ್ಬಿ, ಎರಡು ಕಣ್ಣು. ತಲೆ ನರೆತ, ಸ್ವಲ್ಪ ಬಗ್ಗಿದ ಗಂಡಸರು ಆ ಊರಿನಲ್ಲಿ ಅಷ್ಟೊಂದು ಜನ ಇದ್ದಾರೆಂದು ನನಗೆ ಅವತ್ತೇ ಗೊತ್ತಾದದ್ದು.

ಮುಂದಿನ ಸ್ಟೇಷನ್ನಿನಲ್ಲಿ ಅಂಥವರು ಯಾರೂ ಇಳಿದಿಲ್ಲವೆಂದು ವಾಕಿಟಾಕಿ ಹೇಳಿತು. ಅದರ ಮುಂದಿನದರಲ್ಲೂ ಇಲ್ಲ. ಗಾರ್ಡು ನನ್ನನ್ನು ಮೇಲಿನ ಅಂತಸ್ತಿನ ಒಂದು ಕೋಣೆಗೆ ಕರೆದುಕೊಂಡು ಹೋದರು. ಗೋಡೆಯ ತುಂಬ ಟೀವಿಗಳಿದ್ದವು. ಯೂನಿಫಾರಂ ತೊಟ್ಟ ಸಣ್ಣ ವಯಸ್ಸಿನ ಆಫೀಸರಮ್ಮ ಎದ್ದು ನನಗೆ ಕುರ್ಚಿ ಕೊಟ್ಟು, ಒಂದು ಲೋಟ ನೀರು ತಂದಿಟ್ಟಳು. ನನ್ನ ಮಗಳಿಗಿಂತ ಒಂದೆರಡು ವರ್ಷ ದೊಡ್ಡವಳಿರಬಹುದು.

‘ಯಾವ ಕಡೆಯವರಮ್ಮ?’

‘ತುರುವೇಕೆರೆ. ಸಂಪಿಗೆ ಹತ್ರ ನಮ್ಮೂರು.’

‘ನಂದು ಮಂಡ್ಯ. ಗಾಬರಿ ಆಗ್ಬೇಡಿ, ಹುಡುಕೋಣ. ಅವರ ಟೋಕನ್ ಅವರ ಹತ್ರ ಇದೆಯಾ?’

‘ಇಲ್ಲ, ಎರಡೂ ನನ್ನ ಹತ್ರವೇ ಅವೆ.’

‘ಹಾಗಾದ್ರೆ ಒಳ್ಳೇದೇ ಆಯ್ತು. ಟೋಕನ್ ಇಲ್ದೆ ಗೇಟ್ ದಾಟಕ್ಕಾಗಲ್ಲ. ಎಲ್ಲೋ ಒಳಗೇ ಇರ್ತಾರೆ.’ ಪೆನ್ನು ತೆಗೆದುಕೊಂಡಳು. ‘ವಯಸ್ಸು ಹೇಳಿ. ಎತ್ತರ ಎಷ್ಟಿರಬಹುದು? ಬಟ್ಟೆ ಏನು ಹಾಕಿದ್ರು, ಅಂಗಿ ಯಾವ ಬಣ್ಣ?’

ವಯಸ್ಸು ಹೇಳಿದೆ. ಎತ್ತರ ಹೇಳಿದೆ. ಅಂಗಿಯ ಬಣ್ಣ ಬಾಯಿಗೆ ಬರಲಿಲ್ಲ.

ಮೂವತ್ತು ವರ್ಷದಿಂದ ಬಣ್ಣ ನೋಡಿಯೇ ಬದುಕಿದವಳು ನಾನು. ಸೀರೆಯ ಅಂಚಿನ ಒಂದೆಳೆ ಕಂಡರೆ ಸಾಕು, ಅದಕ್ಕೆ ಹೊಂದುವ ದಾರದುಂಡೆ ಯಾವ ಡಬ್ಬಿಯಲ್ಲಿದೆಯೆಂದು ಹೇಳಬಲ್ಲೆ. ಆ ಬೆಳಿಗ್ಗೆ ನಾನೇ ಇಸ್ತ್ರಿ ಮಾಡಿದ ಅಂಗಿ, ನಾನೇ ತೋಳು ತೂರಿಸಿ ತೊಡಿಸಿದ ಅಂಗಿ. ಎರಡನೇ ಗುಂಡಿ ಬೇರೆ ಇತ್ತು, ಅದು ನೆನಪಿದೆ. ಮೂಲದ ಗುಂಡಿ ಒಡೆದು ನಾನು ಹಾಕಿದ್ದು, ಸ್ವಲ್ಪ ದೊಡ್ಡದು, ನಾಲ್ಕು ತೂತಿನದು. ಕಾಜದಲ್ಲಿ ಅದು ಬಿಗಿಯಾಗಿ ಕೂರುತ್ತಿದ್ದುದು ಬೆರಳಿಗೆ ನೆನಪಿದೆ. ಬಟ್ಟೆಯ ಬಣ್ಣ ಮಾತ್ರ ಅಳಿಸಿಹೋಗಿತ್ತು. ನೀಲಿ ಅಂದೆ. ಇಲ್ಲ, ಬೂದಿ ಅಂದೆ. ಆಮೇಲೆ ಗೀರು ಇತ್ತು ಅಂದೆ.

‘ಪರವಾಗಿಲ್ಲಮ್ಮ, ಫೋಟೊ ಇದ್ಯಾ?’

ಫೋನಿನಲ್ಲಿ ಇದ್ದದ್ದು ನಾದಿನಿಯ ಮಗನ ಮದುವೆಯಲ್ಲಿ ತೆಗೆದದ್ದು. ಲಕ್ವಕ್ಕೆ ಮುಂಚಿನದು. ಮೈ ತುಂಬಿಕೊಂಡು, ಮೀಸೆ ಕಪ್ಪು ಮಾಡಿಕೊಂಡು, ಯಾರಿಗೋ ಏನೋ ಹೇಳುತ್ತ ಬಾಯಿ ಅರ್ಧ ತೆರೆದಿದ್ದಾರೆ. ಅದನ್ನೇ ಕೊಟ್ಟೆ. ಈಗ ಇಷ್ಟು ದಪ್ಪ ಇಲ್ಲ, ಮೀಸೆ ಬಿಳಿ, ಅಂದೆ. ಅವಳು ಅದನ್ನು ಎಲ್ಲ ಸ್ಟೇಷನ್ನುಗಳಿಗೂ ಕಳಿಸಿದಳು. ‘ಮಾತಾಡಿಸಿದ್ರೆ ಏನು ಹೇಳ್ತಾರೆ?’ ಎಂದು ಕೇಳಿದಳು.

‘ಆಯ್ತು ಅಂತಾರೆ.’

‘ಏನ್ ಕೇಳಿದ್ರೂ?’

‘ಏನ್ ಕೇಳಿದ್ರೂ.’

ಅವಳು ಪೆನ್ನು ಹಿಡಿದುಕೊಂಡೇ ನನ್ನ ಮುಖ ನೋಡಿದಳು. ನೀವು ಇಲ್ಲಿ ಇಳಿಯಬೇಕಾ ಅಂದರೆ ಆಯ್ತು. ಮುಂದಿನ ಗಾಡಿಗೆ ಹೋಗ್ತೀರಾ ಅಂದರೆ ಆಯ್ತು. ಒಬ್ಬರೇ ಇದ್ದೀರಾ, ಎಲ್ಲ ಸರಿ ಇದೆಯಾ? ಆಯ್ತು. ಸಹಾಯಕ್ಕೆ ಬಂದವರೆಲ್ಲ ಸಮಾಧಾನವಾಗಿ ಮುಂದಕ್ಕೆ ಹೋಗಿಬಿಡುತ್ತಾರೆ. ಇಬ್ಬರಿಗೂ ಅದು ಒಟ್ಟಿಗೇ ಹೊಳೆಯಿತು ಅಂತ ಕಾಣುತ್ತದೆ. ಅವಳು ಫೋನು ಎತ್ತಿಕೊಂಡು, ‘ಕೇಳಿದ್ದಕ್ಕೆಲ್ಲ ಆಯ್ತು ಅಂತಾರಂತೆ, ಅದನ್ನ ಎಲ್ಲರಿಗೂ ಹೇಳಿ’ ಎಂದು ಇನ್ನೊಂದು ಕಡೆಯವರಿಗೆ ತಿಳಿಸಿದಳು.

ನನ್ನ ಫೋನು ಬಡಿದುಕೊಂಡಿತು. ಅಕ್ಕ.

‘ಆಸ್ಪತ್ರೆ ತಾವಕ್ಕೆ ಹೋದ್ರೇನೇ? ಏನಂದ್ರು ಡಾಕ್ಟ್ರು?’

‘ಇನ್ನೂ ಕರೆದಿಲ್ಲ ಅಕ್ಕ. ಕೂತಿದ್ದೀವಿ.’

‘ಅವ್ನೇನ್ ಮಾಡ್ತಾವ್ನೆ? ಒಸಿ ಕೊಡು ಅವ್ನಿಗೆ. ನನ್ನ ದನಿ ಕೇಳುದ್ರೆ ಆಯ್ತು ಅಂತಾನೆ.’

‘ಬಚ್ಚಲಿಗೆ ಹೋಗವ್ರೆ ಅಕ್ಕ’ ಅಂದೆ. ಆ ಸುಳ್ಳು ನನ್ನ ಬಾಯಿಂದ ಎಷ್ಟು ಸಲೀಸಾಗಿ ಬಂತೆಂದರೆ ಆಫೀಸರಮ್ಮ ತಿರುಗಿ ನೋಡಿದಳು. ಒಂದೇ ತಾಯಿಯ ಎದೆಹಾಲು ಕುಡಿದ ಅಕ್ಕ. ‘ಕೈ ಬುಡಬ್ಯಾಡ’ ಅಂದಿದ್ದರು. ನಾನು ಅವರಿಗೆ ಏನಂತ ಹೇಳಲಿ? ಮಗಳಿಗೂ ಫೋನು ಮಾಡಲಿಲ್ಲ. ಹಾಸನದಲ್ಲಿ ಕೂತು ಅವಳು ತಾನೇ ಏನು ಮಾಡಿಯಾಳು, ಇಲ್ಲಿಯೇ ಇರುವ ನಾನು ಏನೂ ಮಾಡಲಾಗದೆ ಇದ್ದಾಗ.

ಒಂದು ಗಂಟೆ ಕಳೆಯಿತು, ಒಂದೂವರೆ ಆಯಿತು. ನಾನು ಗೋಡೆಯ ಟೀವಿಗಳನ್ನೇ ನೋಡುತ್ತಿದ್ದೆ. ಜನ ಬರುತ್ತಾರೆ, ಹೋಗುತ್ತಾರೆ, ಸದ್ದಿಲ್ಲ. ಯಾರ ಮುಖವೂ ಸ್ಪಷ್ಟವಿಲ್ಲ. ದೇವರನ್ನು ನೆನೆದುಕೊಳ್ಳೋಣವೆಂದರೆ ಸಂಪಿಗೆಯ ಶ್ರೀನಿವಾಸ ಅನ್ನುವ ಮಾತಿನಿಂದ ಮುಂದಕ್ಕೆ ಪ್ರಾರ್ಥನೆ ಹೋಗಲೇ ಇಲ್ಲ. ಏನು ಬೇಡುವುದೆಂದು ಗೊತ್ತಿದ್ದರೂ ಮಾತು ಜೋಡಿಸಲಾಗಲಿಲ್ಲ. ಕಾಲ ಬುಡದಲ್ಲಿ ಹಿಡಿ ಕಿತ್ತ ಚೀಲ. ಎಂಟು ಕಾಯಿಗಳೂ ಸಿಕ್ಕಿದ್ದವು, ಒಂದೂ ಕಳೆದಿರಲಿಲ್ಲ.

ಆಮೇಲೆ ಒಬ್ಬರು ಬಂದು ಆಫೀಸರಮ್ಮನ ಹತ್ತಿರ ಪಿಸುಗುಟ್ಟಿದರು. ಅವಳು ನನ್ನನ್ನು ಒಂದು ಟೀವಿಯ ಮುಂದೆ ನಿಲ್ಲಿಸಿ ಸ್ವಲ್ಪ ಹೊತ್ತಿನ ಹಿಂದೆ ಕ್ಯಾಮೆರಾದಲ್ಲಿ ಹಿಡಿದ ಚಿತ್ರ ಹಾಕಿಸಿದಳು. ಕೊನೆಯ ಸ್ಟೇಷನ್ನಿನದು. ಗಾಡಿ ಖಾಲಿಯಾಗುತ್ತದೆ. ಎಲ್ಲರೂ ಇಳಿದ ಮೇಲೆ ಒಬ್ಬರು ಕೂತೇ ಇದ್ದಾರೆ. ಒಬ್ಬ ಸಿಬ್ಬಂದಿ ಬಂದು ಏನೋ ಕೇಳುತ್ತಾರೆ. ಇವರು ತಲೆಯಾಡಿಸುತ್ತಾರೆ. ಸಿಬ್ಬಂದಿ ಕೈ ಹಿಡಿದು ಇಳಿಸಿ, ಎದುರಿನ ಗಾಡಿ ತೋರಿಸಿ, ಹತ್ತಿಸಿ, ಬೆನ್ನು ತಟ್ಟಿ ಹೋಗುತ್ತಾರೆ.

‘ಇವರೇನಾ?’

‘ಇವರೇ’ ಅಂದೆ. ಅಂಗಿ ತಿಳಿಹಸಿರು.

ಅವಳು ಗಡಿಯಾರ ನೋಡಿ, ಏನೋ ಲೆಕ್ಕ ಹಾಕಿದಳು. ನಾನು ಕೇಳಿದೆ, ‘ವಾಪಸ್ ಬರೋ ಗಾಡಿ ಅಲ್ವಾ ಅದು? ಇಲ್ಲಿಗೆ ಬಂದಿರಬೇಕಲ್ಲ?’

‘ಬಂದು ಹೋಗಿದೆಯಮ್ಮ. ಆಗ ನೀವು ಇಲ್ಲಿ ಮೇಲೆ ಇದ್ರಿ, ನಾನು ಡೀಟೇಲ್ಸ್ ಬರ್ಕೋತಾ ಇದ್ದೆ.’

ನಾನು ಅಂಗಿ ನೀಲಿಯೋ ಬೂದಿಯೋ ಎಂದು ತಡಕಾಡುತ್ತಿದ್ದ ಹೊತ್ತಿನಲ್ಲಿ ಅವರು ನನ್ನ ಕಾಲ ಕೆಳಗೇ, ಒಂದು ಅಂತಸ್ತು ಕೆಳಗೆ, ಬಾಗಿಲು ತೆರೆದ ಗಾಡಿಯಲ್ಲಿ ಕೂತಿದ್ದರು. ಬಾಗಿಲು ಮತ್ತೆ ಮುಚ್ಚಿಕೊಂಡು ಅವರನ್ನು ಇನ್ನೊಂದು ತುದಿಗೆ ಒಯ್ದಿತ್ತು. ಆಫೀಸರಮ್ಮ ನನ್ನ ಭುಜ ಹಿಡಿದುಕೊಂಡಳು. ಅವಳ ಕಣ್ಣಲ್ಲೂ ನೀರು ಬಂದಿತ್ತು. ಅವಳ ತಪ್ಪಲ್ಲ, ಆ ಸಿಬ್ಬಂದಿಯ ತಪ್ಪೂ ಅಲ್ಲ. ಎಲ್ಲರೂ ಒಳ್ಳೆಯವರೇ ಆಗಿದ್ದರು. ಬಯ್ಯಲಿಕ್ಕಾದರೂ ಒಬ್ಬರು ಇದ್ದಿದ್ದರೆ ಎನ್ನಿಸಿತು.

ಮತ್ತೆ ಒಂದು ಗಂಟೆಯ ಮೇಲೆ ಫೋನು ಬಂತು. ಈ ಸ್ಟೇಷನ್ನಿನಿಂದ ಪಶ್ಚಿಮಕ್ಕೆ ಐದಾರು ಸ್ಟೇಷನ್ನಿನಾಚೆ ಅವರು ಸಿಕ್ಕಿದ್ದರು. ಗಾರ್ಡನ್ನು ಜೊತೆಗೆ ಕಳಿಸಿದರು. ಗಾಡಿ ಸುರಂಗದಿಂದ ಹೊರಬಂದು ಸೇತುವೆಯ ಮೇಲಕ್ಕೆ ಏರಿದಾಗ ಬಿಸಿಲು ಕಣ್ಣಿಗೆ ಹೊಡೆಯಿತು. ಹೊರಗೆ ಅಷ್ಟು ಹೊತ್ತೂ ಹಗಲೇ ಇತ್ತು ಅನ್ನುವುದು ನನಗೆ ಮರೆತೇಹೋಗಿತ್ತು.

ಆ ಸ್ಟೇಷನ್ನಿನಲ್ಲಿ ಓಡುವ ಮೆಟ್ಟಿಲು ರಿಪೇರಿಯಲ್ಲಿತ್ತು. ಸುತ್ತ ಹಳದಿ ಪಟ್ಟಿ ಕಟ್ಟಿ, ಕೆಳತುದಿಯ ಉಕ್ಕಿನ ಹಲಗೆಗಳನ್ನು ಎತ್ತಿಟ್ಟಿದ್ದರು. ಒಳಗಿನ ಸರಪಳಿ, ಹಲ್ಲುಚಕ್ರ, ಮೋಟರು ಎಲ್ಲ ಕಾಣುತ್ತಿದ್ದವು. ಇಬ್ಬರು ಮೆಕ್ಯಾನಿಕ್ಕುಗಳು ಗುಂಡಿಗಿಳಿದು ಕೆಲಸ ಮಾಡುತ್ತಿದ್ದರು. ದಂಡೆಯ ಮೇಲೆ ಪ್ಲಾಸ್ಟಿಕ್ ಸ್ಟೂಲಿನಲ್ಲಿ ನಮ್ಮ ಯಜಮಾನರು ಕೂತಿದ್ದರು. ಎಡಗೈಯಲ್ಲಿ ಟಾರ್ಚು ಹಿಡಿದು ಗುಂಡಿಯೊಳಗೆ ಬೆಳಕು ಬಿಡುತ್ತಿದ್ದರು. ಒಬ್ಬ ಮೆಕ್ಯಾನಿಕ್ಕು ‘ಇನ್ನೊಂಚೂರು ಬಲಕ್ಕೆ ಸಾರ್’ ಅನ್ನುತ್ತಿದ್ದ. ಇವರು ‘ಆಯ್ತು’ ಎಂದು ಬೆಳಕನ್ನು ಬಲಕ್ಕೆ ತಿರುಗಿಸಿದರು.

ಅವರು ನನ್ನನ್ನು ನೋಡುವ ಮೊದಲು ನಾನು ಅವರ ಮುಖ ನೋಡಿದೆ. ಅಷ್ಟು ನಿರಾಳವಾದ ಮುಖವನ್ನು ಒಂದು ವರ್ಷದಿಂದ ಕಂಡಿರಲಿಲ್ಲ. ನಾನು ಅಲ್ಲಿಯೇ ನಿಲ್ಲಬೇಕಿತ್ತು. ಐದು ನಿಮಿಷ ಹಾಗೆಯೇ ಬಿಟ್ಟಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಮೂರು ಗಂಟೆ ಹೊತ್ತು ಎದೆಯಲ್ಲಿ ಕಟ್ಟಿಕೊಂಡಿದ್ದದ್ದೆಲ್ಲ ಒಟ್ಟಿಗೇ ಬಾಯಿಗೆ ಬಂತು.

‘ಎಲ್ಲೋಗಿದ್ರಿ? ಏನ್ ಅಂದ್ಕೊಂಡಿದ್ದೀರಿ ನೀವು? ಇಳೀಬೇಕು ಅಂತ ಗೊತ್ತಾಗಲ್ವಾ? ನಾನು ಸಾಯ್ಬೇಕಾ ಇಲ್ಲಿ?’ ಎಂದು ಅಷ್ಟು ಜನರ ನಡುವೆ ಕಿರುಚಿದೆ.

ಟಾರ್ಚು ಕೈಜಾರಿ ಗುಂಡಿಗೆ ಬಿತ್ತು. ಅವರು ಎದ್ದು ನಿಂತರು. ಬಾಯಿ ತೆರೆದರು. ಆ ಒಂದು ಮಾತೂ ಬರಲಿಲ್ಲ. ಮುಖ ಸೊಟ್ಟಗಾಗಿ, ಮಕ್ಕಳು ಅಳುವ ಹಾಗೆ ಅತ್ತುಬಿಟ್ಟರು. ಗುಂಡಿಯಲ್ಲಿದ್ದ ಮೆಕ್ಯಾನಿಕ್ಕು ಮೇಲೆ ಹತ್ತಿ, ಕೈ ಒರೆಸಿಕೊಳ್ಳುತ್ತ, ‘ಬಯ್ಬೇಡಿ ಅಮ್ಮ. ಪಾಪ, ಬಂದು ನಿಂತ್ಕೊಂಡು ನೋಡ್ತಾ ಇದ್ರು. ಆ ಬೇರಿಂಗ್ ಕಡೆ ಕೈ ತೋರಿಸ್ತಾನೇ ಇದ್ರು. ಬಿಚ್ಚಿ ನೋಡಿದ್ರೆ ಸವೆದಿತ್ತು. ಕೆಲಸ ಗೊತ್ತಿರೋರು ಅಂತ ಕೂರಿಸ್ಕೊಂಡ್ವಿ’ ಅಂದ. ಸ್ಟೇಷನ್ನಿನವರು ಫೋಟೊ ತೋರಿಸುತ್ತ ಬಂದಾಗ, ಇವರಲ್ಲ ಬಿಡಿ, ಇವರು ಮೆಕ್ಯಾನಿಕ್ಕುಗಳ ಕಡೆಯವರು ಎಂದುಕೊಂಡು ಒಂದು ಸಲ ದಾಟಿಕೊಂಡೇ ಹೋಗಿದ್ದರಂತೆ.

ನಾನು ಅವರ ಕೈ ಹಿಡಿದುಕೊಂಡೆ. ಅವರು ಬಿಡಿಸಿಕೊಳ್ಳಲಿಲ್ಲ, ಹಿಡಿಯಲೂ ಇಲ್ಲ.

ಆಸ್ಪತ್ರೆ ಮುಟ್ಟಿದಾಗ ಮಾತು ಕಲಿಸುವ ಮೇಡಮ್ಮು ಎದ್ದು ಹೊರಡುವುದರಲ್ಲಿದ್ದರು. ನಡೆದದ್ದನ್ನು ಕೇಳಿ ನಿಂತು, ಎರಡು ಕಾಯಿ ತೆಗೆದುಕೊಂಡು, ಮಿಕ್ಕವನ್ನು ಆಯಾಗಳಿಗೆ ಕೊಡಿಸಿ, ಮೂರು ವಾರದ ಮೇಲೆ ಬರಲು ಬರೆದುಕೊಟ್ಟರು. ಅವರು ಬೇರೆ ಏನು ಮಾಡಿಯಾರು? ವಾಪಸ್ಸು ಬಸ್ಸಿನಲ್ಲಿ ಬಂದೆವು, ನೇರವಾಗಿ ತುರುವೇಕೆರೆಗೆ. ದಾರಿಯುದ್ದಕ್ಕೂ ಅವರು ಕಿಟಕಿಯ ಕಡೆ ಮುಖ ಮಾಡಿಕೊಂಡಿದ್ದರು. ನಿದ್ದೆ ಮಾಡುತ್ತಿರಲಿಲ್ಲ.

ಅಕ್ಕನಿಗೆ ನಾನು ಒಂದು ವಾರದ ಮೇಲೆ ಹೇಳಿದೆ. ಬಯ್ಯುತ್ತಾರೆಂದು ಕಾದೆ. ‘ಹೋಗ್ಲಿ ಬುಡು. ನಾನಾದ್ರೂ ಕಾಯಿ ಎತ್ಕಳಕ್ಕೇ ಬಗ್ತಿದ್ದೆ’ ಅಂದರು. ಅವರು ಬಯ್ದಿದ್ದರೆ ಹಗುರಾಗುತ್ತಿತ್ತೋ ಏನೋ.

ಆ ಮೂರು ಗಂಟೆಯಲ್ಲಿ ಅವರಿಗೆ ಏನೇನಾಯಿತು ಅನ್ನುವುದು ನನಗೆ ಗೊತ್ತಿಲ್ಲ. ಟೀವಿಯಲ್ಲಿ ಕಂಡದ್ದು ಎರಡು ನಿಮಿಷ, ಮೆಕ್ಯಾನಿಕ್ಕು ಹೇಳಿದ್ದು ಅರ್ಧ ಗಂಟೆಯದು. ಮಿಕ್ಕದ್ದು ಅವರೊಬ್ಬರ ಹತ್ತಿರವೇ ಇದೆ. ಮೊದಲಾಗಿದ್ದರೆ ಆ ಕತೆಯನ್ನು ಅಂಗಡಿಗೆ ಬಂದವರಿಗೆಲ್ಲ ಹೇಳಿ, ಇಲ್ಲದ್ದನ್ನು ಸೇರಿಸಿ, ಆರು ತಿಂಗಳು ಓಡಿಸುತ್ತಿದ್ದರು.

ಹೋದ ತಿಂಗಳು ಒಂದು ಮಧ್ಯಾಹ್ನ ಅವರು ನನ್ನ ಅಳತೆ ಪುಸ್ತಕದ ಹಿಂದಿನ ಹಾಳೆ ಹರಿದುಕೊಂಡು, ಎಡಗೈಯಲ್ಲಿ ಪೆನ್ಸಿಲು ಹಿಡಿದು, ತುಂಬ ಹೊತ್ತು ಏನೋ ಬರೆದರು. ಆಮೇಲೆ ಮಿಷನ್ನಿನ ಮೇಲೆ, ನಾನು ಹೊಲಿಯುತ್ತಿದ್ದ ಬಟ್ಟೆಯ ಮೇಲೆಯೇ ಅದನ್ನು ತಂದಿಟ್ಟರು. ಒಂದು ಉದ್ದ ಗೆರೆ. ಗೆರೆಯ ಮೇಲೆ ಒಂದು ಪೆಟ್ಟಿಗೆ. ಪೆಟ್ಟಿಗೆಯೊಳಗೆ ಕಡ್ಡಿಯಂಥ ಮನುಷ್ಯ. ಪಕ್ಕದಲ್ಲಿ ಇನ್ನೊಂದು ಸಣ್ಣ ಕಡ್ಡಿ, ಅದರ ಕೈ ಮೊದಲಿನ ಕಡ್ಡಿಯ ತಲೆಯ ಮೇಲೆ. ಮೂಲೆಯಲ್ಲಿ ಒಂದು ಸುತ್ತು.

‘ಮೆಟ್ರೊದಲ್ಲಿ ಆದದ್ದಾ?’ ಅಂದೆ.

‘ಆಯ್ತು, ಆಯ್ತು!’ ಕಣ್ಣು ಹೊಳೆದವು.

‘ಇದು ನೀವು. ಇದ್ಯಾರು? ಮಗುವಾ?’

ತಲೆ ಅಡ್ಡಡ್ಡ ಆಡಿಸಿದರು. ಅಲ್ಲ ಅನ್ನುವುದಕ್ಕೆ ಹಾಗೆ ಮಾಡುವುದನ್ನು ಮೇಡಮ್ಮು ಈಚೆಗೆ ಕಲಿಸಿದ್ದರು.

‘ಹೆಂಗಸಾ? ನೀರು ಕೊಟ್ರಾ? ಜ್ವರ ನೋಡಿದ್ರಾ? ಹೊಡೆದ್ರೇನ್ರೀ ಯಾರಾದ್ರೂ?’

ಪ್ರತಿಯೊಂದಕ್ಕೂ ಅಲ್ಲ ಅಲ್ಲ ಎಂದು ತಲೆ ಆಡಿಸುತ್ತ, ಆ ಸುತ್ತಿನ ಮೇಲೆ ಬೆರಳಿಟ್ಟು ಒತ್ತಿ ಒತ್ತಿ ತೋರಿಸಿದರು. ಅದು ಬಳೆಯೇ, ಚಕ್ರವೇ, ಸೂರ್ಯನೇ, ಗಡಿಯಾರವೇ ಎಂದು ನನಗೆ ತಿಳಿದದ್ದನ್ನೆಲ್ಲ ಕೇಳಿದೆ. ಅವರ ಹಣೆ ಬೆವೆತಿತು. ‘ಆಯ್ತು’ ಎಂದು ಒಮ್ಮೆ ಕೂಗಿದರು, ಒಮ್ಮೆ ಅಂಗಲಾಚಿದರು. ಹೊರಗೆ ಗಿರಾಕಿಯೊಬ್ಬಳು ಬಂದು ಕಾಯುತ್ತಿದ್ದಳು. ಅವರಿಗೂ ಸುಸ್ತಾಗಿತ್ತು, ನನಗೂ ಸಾಕಾಗಿತ್ತು.

‘ಹ್ಞಾಂ, ಗೊತ್ತಾಯ್ತು ಬುಡಿ’ ಅಂದೆ.

ಅವರು ನನ್ನ ಮುಖವನ್ನೇ ನೋಡಿದರು. ನನಗೆ ಗೊತ್ತಾಗಿಲ್ಲವೆಂದು ಅವರಿಗೆ ಗೊತ್ತಾಯಿತು. ಹಾಳೆಯನ್ನು ಮಿಷನ್ನಿನ ಮೇಲಿಂದ ಎತ್ತಿಕೊಂಡು, ಎಡಗೈಯೊಂದರಲ್ಲೇ ಕಷ್ಟಪಟ್ಟು ನಾಲ್ಕಾಗಿ ಮಡಿಸಿ, ಅಂಗಿಯ ಜೇಬಿಗೆ ಹಾಕಿಕೊಂಡು, ಹೊರಗೆ ಹೋಗಿ ಅಂಗಡಿಯ ಮುಂದಿನ ಬೆಂಚಿನ ಮೇಲೆ ಕೂತರು.